ಹೊಲದ ಮೂಲೆಯ ಮಣ್ಣು

ಹೋದ ತಿಂಗಳು ಗದಗಿನಲ್ಲಿ ಬೀರಲಿಂಗಪ್ಪ ಡೋಣಿ ಮಾಸ್ತರರ ಚಿತ್ರಗಳ ಪ್ರದರ್ಶನ ನಡೆಯಿತು. ನಲವತ್ತು ವರ್ಷ ಚಿತ್ರ ಬರೆದ ಮನುಷ್ಯನಿಗೆ ಅರವತ್ತೇಳನೆಯ ವಯಸ್ಸಿನಲ್ಲಿ ಮೊದಲ ಪ್ರದರ್ಶನ. ಅವರ ಹಳೆಯ ವಿದ್ಯಾರ್ಥಿಗಳೇ ಸೇರಿ ಮಾಡಿದ್ದು. ಒಂದು ಪುಸ್ತಿಕೆಯನ್ನೂ ಅಚ್ಚು ಹಾಕಿಸಿದ್ದರು. ಅದರ ಕೊನೆಯ ಪುಟದಲ್ಲಿ ‘ಹಿರೇವಡ್ಡಟ್ಟಿ, ೨೦೧೨’ ಎಂಬ ಹೆಸರಿನ ಮುಂದೆ ‘ಈ ಚಿತ್ರ ಕಳೆದುಹೋಗಿದೆ’ ಎಂದು ಬರೆದಿತ್ತು. ನೋಡಿ ನನಗೆ ಸಿಟ್ಟು ಬಂತು. ಕಳೆದುಹೋಗಲು ಅದೇನು ಕೊಡೆಯೇ, ಚಪ್ಪಲಿಯೇ? ಅದು ಎಲ್ಲಿದೆ ಎಂದು ಮಾಸ್ತರರಿಗೆ ಗೊತ್ತು, ನನಗೂ ಗೊತ್ತು. ಹುಡುಗರು ಕೇಳಿದಾಗ ಮಾಸ್ತರರು “ಅದು ಇಲ್ಲಪಾ” ಎಂದಷ್ಟೇ ಹೇಳಿ ನನ್ನ ಮುಖ ನೋಡಿದ್ದರು. ನಾನೂ ಬಾಯಿ ಬಿಡಲಿಲ್ಲ. ಬಾಯಿ ಬಿಡದಿರುವುದು ನಮ್ಮಿಬ್ಬರಿಗೂ ಹಳೆಯ ರೂಢಿ.

ಈಗ ಬರೆಯುತ್ತಿದ್ದೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. “ಬರೀರಿ ಲಾಡಸಾಬ್ರ, ಆದ್ರ ನನ್ನನ್ನ ದೊಡ್ಡಾಂವನ್ನ ಮಾಡಬ್ಯಾಡ್ರಿ” ಎಂದರು. ಅವರಿಗೆ ಆ ಹೆದರಿಕೆ ಬೇಡ.

ನಾನು ಲಾಡಸಾಬ ನದಾಫ, ಲಕ್ಷ್ಮೇಶ್ವರದವನು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು. ದೆವ್ವ, ಗಾಳಿ, ಮಾಟ ಯಾವುದನ್ನೂ ನಂಬಿದವನಲ್ಲ. ನಂಬುವವರನ್ನು ಎದುರಿಗೇ ಬೈದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದನ್ನು ಓದಿ ‘ಮುದುಕನಿಗೆ ಅರಳುಮರಳು’ ಎನ್ನುವವರು ಇರುತ್ತಾರೆ.

ಮಾಸ್ತರರು ಹುಟ್ಟಿದ್ದು ಕಪ್ಪತಗುಡ್ಡದ ಮಗ್ಗುಲಿನ ಡೋಣಿಯಲ್ಲಿ, ಕುರಿ ಕಾಯುವ ಮನೆಯಲ್ಲಿ. ಅವರಪ್ಪ ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರ ಹೊಲ ಎಂದು ಗೊಬ್ಬರಕ್ಕಾಗಿ ಕುರಿ ಕೂಡಿಸುತ್ತ ಊರೂರು ತಿರುಗುತ್ತಿದ್ದ. ಸಣ್ಣ ಬೀರಲಿಂಗಪ್ಪನೂ ಕುರಿಗಳ ಜೊತೆ ಆ ಹೊಲಗಳಲ್ಲೇ ಮಲಗುತ್ತಿದ್ದ. ಹೀಗಾಗಿ ಊರುಗಳ ಹೆಸರಿಗಿಂತ ಮೊದಲು ಅವುಗಳ ಮಣ್ಣು ಗೊತ್ತಾಯಿತಂತೆ. ಹಿರೇಹಂದಿಗೋಳದ ಎರೆಮಣ್ಣು ಮಳೆ ಬಿದ್ದರೆ ಕಾಲು ಬಿಡುವುದಿಲ್ಲ. ಶಿರಹಟ್ಟಿ ಕಡೆಯ ಮಸಾರಿಯ ಕೆಂಪು ಅಂಗಿಗೆ ಹತ್ತಿದರೆ ಹೋಗುವುದಿಲ್ಲ. ಡೋಣಿಯ ಮಣ್ಣು ಕುಂಕುಮದಷ್ಟು ಕೆಂಪು. ಕಣ್ಣು ಕಟ್ಟಿ ಹೊಲಕ್ಕೆ ಬಿಟ್ಟರೆ ಬರಿಗಾಲಲ್ಲಿ ನಿಂತು ಊರು ಹೇಳುತ್ತೇನೆ ಎಂದು ಒಮ್ಮೆ ನನ್ನೆದುರು ಜಂಬ ಕೊಚ್ಚಿದ್ದರು. ನಾನು ಕರೆದುಕೊಂಡು ಹೋಗಿ ಪರೀಕ್ಷೆಯನ್ನೂ ಮಾಡಿದೆ. ಐದರಲ್ಲಿ ನಾಲ್ಕು ಸರಿ ಹೇಳಿದರು.

ಗದಗಿನಲ್ಲಿ ಚಿತ್ರಕಲೆ ಕಲಿಯುವಾಗ ಲಾರಿಗಳ ಹಿಂದೆ ಗಿಳಿ, ನವಿಲು ಬರೆದು, ಅಂಗಡಿಗಳಿಗೆ ಬೋರ್ಡು ಬರೆದು ಹೊಟ್ಟೆ ಹೊರೆದರು. ೧೯೮೪ರಲ್ಲಿ ಮುಂಡರಗಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಿಕೆ ಸಿಕ್ಕಿತು. ಡ್ರಾಯಿಂಗ್ ಮಾಸ್ತರ ಅಂದರೆ ನಮ್ಮ ಶಾಲೆಗಳಲ್ಲಿ ಏನು ಮರ್ಯಾದೆ ಎಂದು ಬಲ್ಲವರಿಗೆ ಗೊತ್ತು. ಅವನ ಪಿರಿಯಡ್ಡು ಗಣಿತದವರ ಪಾಲು. ಚುನಾವಣೆ ಬಂದರೆ ಗೋಡೆಗೆ ಮತಗಟ್ಟೆಯ ನಂಬರು ಬರೆಯುವವನು ಅವನು, ವಾರ್ಷಿಕೋತ್ಸವದ ಗ್ಯಾದರಿಂಗ್ ಬಂದರೆ ಪರದೆ ಕಟ್ಟುವವನು ಅವನು, ಸರ್ಟಿಫಿಕೇಟಿನ ಮೇಲೆ ಮೂರು ನೂರು ಹುಡುಗರ ಹೆಸರು ಬರೆಯುವವನೂ ಅವನೇ. ಇದನ್ನೆಲ್ಲ ಮಾಡಿ ಉಳಿದ ಹೊತ್ತಿನಲ್ಲಿ ಮಾಸ್ತರರು ಸೈಕಲ್ಲು ತುಳಿದುಕೊಂಡು ಊರಾಚೆ ಹೋಗಿ ಬಯಲಿನ ಚಿತ್ರ ಬರೆಯುತ್ತಿದ್ದರು. ಮನುಷ್ಯರಿಲ್ಲ, ಎತ್ತಿಲ್ಲ, ಗುಡಿಯಿಲ್ಲ. ಹೊಲ, ಬದು, ಗುಡ್ಡ, ಮುಗಿಲು, ಅಷ್ಟೇ.

ಅಂಗಡಿಯ ಬಣ್ಣ ಅವರು ಬಳಸುತ್ತಿರಲಿಲ್ಲ. ಯಾವ ಊರಿನ ಚಿತ್ರವೋ ಆ ಊರಿನ ಮಣ್ಣೇ ಅದಕ್ಕೆ ಬಣ್ಣ. ಮಣ್ಣು ತಂದು ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ನೀರಲ್ಲಿ ಕಲಸಿ ಬಿಸಿಲಿಗಿಡುತ್ತಿದ್ದರು. ಬೇರೆಯವರಾದರೆ ಮೇಲೆ ನಿಂತ ನೀರು ಚೆಲ್ಲುತ್ತಾರೆ. ಮಾಸ್ತರರು ಒಂದು ಹನಿಯನ್ನೂ ಚೆಲ್ಲುತ್ತಿರಲಿಲ್ಲ. “ಊರಿನ ರಸ ಇರೂದ ನೀರಾಗ” ಎಂದು ಅದು ತಾನೇ ಆರುವತನಕ ಕಾಯುತ್ತಿದ್ದರು. ಆಮೇಲೆ ಜಾಲಿ ಗಿಡದ ಅಂಟು ಬೆರೆಸಿ, ಬೆಟಗೇರಿಯ ನೇಕಾರರ ದಪ್ಪ ಬಟ್ಟೆಯನ್ನು ಹಲಗೆಗೆ ಅಂಟಿಸಿ ಅದರ ಮೇಲೆ ಬರೆಯುತ್ತಿದ್ದರು. ಮನೆಯ ತುಂಬ ಮಣ್ಣಿನ ಬಾಟಲಿಗಳು, ಒಂದೊಂದರ ಮೇಲೂ ಊರಿನ ಹೆಸರು. “ಮಂದಿ ಮನ್ಯಾಗ ಜೋಳ, ಬ್ಯಾಳಿ ಡಬ್ಬಿ ಇರ್ತಾವು, ನಮ್ಮ ಮನ್ಯಾಗ ಮಣ್ಣಿನ ಡಬ್ಬಿ” ಎಂದು ಅವರ ಹೆಂಡತಿ ರಾಮವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಮುಂಡರಗಿಯ ಶಾಲೆಗೆ ಹಿರೇವಡ್ಡಟ್ಟಿಯಿಂದ ಬಸ್ಸಿಗೆ ಬರುತ್ತಿದ್ದ ಕಾಂಚನಾ ಎಂಬ ಹುಡುಗಿ ಇದ್ದಳು. ತಂದೆ ಮುದಕಪ್ಪನವರು, ತಾಯಿ ನೀಲಗಂಗವ್ವ, ಹೊಲಮನೆ ಇದ್ದ ಲಿಂಗವಂತರ ಕುಟುಂಬ. ಒಂಬತ್ತನೆಯ ತರಗತಿಯಲ್ಲಿದ್ದಾಗ ಆಕೆ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಒಂದು ಚಿತ್ರ ಬರೆದು ತಂದಿದ್ದಳಂತೆ. ತಮ್ಮ ಹೊಲದ ಮೂಲೆಯಿಂದ ಕಂಡ ಕಪ್ಪತಗುಡ್ಡ. ಎಲ್ಲ ಹುಡುಗರೂ ಗುಡ್ಡವನ್ನು ಮೂರು ಮೊನೆ ಮಾಡಿ ನಡುವೆ ಸೂರ್ಯನನ್ನು ಕೂರಿಸುತ್ತಾರೆ. ಈಕೆ ಮಾತ್ರ ಗುಡ್ಡವನ್ನು ಕಂಡ ಹಾಗೆ, ಉದ್ದಕ್ಕೆ ಮಲಗಿದ ಹಾಗೆ ಬರೆದಿದ್ದಳು. ಮಾಸ್ತರರು ಆಕೆಯನ್ನು ಡ್ರಾಯಿಂಗ್ ಪರೀಕ್ಷೆಗೆ ಕೂರಿಸಿದರು, ಆಕೆ ಪಾಸಾದಳು. ೨೦೦೭ರಲ್ಲಿ ಮಾಸ್ತರರಿಗೆ ನಮ್ಮ ಲಕ್ಷ್ಮೇಶ್ವರದ ಶಾಲೆಗೆ ವರ್ಗವಾಯಿತು. ಅಲ್ಲಿಗೆ ಆ ಹುಡುಗಿಯ ಸುದ್ದಿ ನಿಂತಿತು. ಎಲ್ಲೋ ಮದುವೆಯಾಗಿ ಸುಖವಾಗಿದ್ದಾಳೆ ಎಂದುಕೊಂಡಿದ್ದರು.

೨೦೧೨ರ ಬೇಸಿಗೆಯ ರಜೆಯಲ್ಲಿ ಆ ಚಿತ್ರ ನೆನಪಾಗಿ, ಆ ಮೂಲೆಯಿಂದ ಗುಡ್ಡ ನೋಡಬೇಕೆಂದು ಅವರು ಹಿರೇವಡ್ಡಟ್ಟಿಗೆ ಹೋದರು. ಬೆಳಗಿನ ಹೊತ್ತು, ಹೊಲದಲ್ಲಿ ನರಪಿಳ್ಳೆ ಇರಲಿಲ್ಲ. ಮೂಲೆ ಸಿಕ್ಕಿತು. ನೆಲವೆಲ್ಲ ಕಪ್ಪು, ಒಂದು ಕಡೆ ಮಾತ್ರ ಸ್ವಲ್ಪ ಉಬ್ಬಿದ, ಬೂದು ಬೆರೆಸಿದಂಥ ಮಣ್ಣು. ಅಂಥ ಬಣ್ಣವನ್ನು ಅವರು ಎಲ್ಲೂ ಕಂಡಿರಲಿಲ್ಲ. ಹಳೆಯ ತಿಪ್ಪೆ ಇರಬೇಕು, ಒಲೆಯ ಬೂದಿ ಸುರಿದಿರಬೇಕು ಎಂದುಕೊಂಡು ಎರಡು ಬೊಗಸೆ ಬಗೆದು ಚೀಲಕ್ಕೆ ಹಾಕಿಕೊಂಡರು. ಸಂಜೆಯತನಕ ಕೂತು ಗೆರೆ ಹಾಕಿಕೊಂಡು ಮನೆಗೆ ಬಂದು, ಹದಿನೈದು ದಿನದಲ್ಲಿ ಚಿತ್ರ ಮುಗಿಸಿದರು.

ನಾನು ಚಿತ್ರ ಬಲ್ಲವನಲ್ಲ. ಆದರೆ ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತೆ. ಕೆಳಗೆ ಕಪ್ಪು ಹೊಲ, ಅಂಚಿನಲ್ಲಿ ಆ ಬೂದು ಬಣ್ಣದ ನೆಲ, ಅದೇ ಬಣ್ಣ ತೆಳುವಾಗಿ ಗುಡ್ಡಕ್ಕೂ ಮುಗಿಲಿಗೂ ಹಬ್ಬಿತ್ತು. ಈಗ ತಾನೇ ಯಾರೋ ಅಲ್ಲಿಂದ ಎದ್ದು ಹೋಗಿದ್ದಾರೆ, ಇನ್ನೇನು ತಿರುಗಿ ಬರುತ್ತಾರೆ ಅನ್ನಿಸುತ್ತಿತ್ತು. ಮಾಸ್ತರರ ಜೀವಮಾನದ ಚಿತ್ರ ಅದೇ ಎಂದು ನಾನು ಅವತ್ತೇ ಹೇಳಿದೆ. ಅವರೂ ಇಲ್ಲ ಅನ್ನಲಿಲ್ಲ.

ಮಳೆಗಾಲ ಬಂತು. ಒಂದು ದಿನ ರಾಮವ್ವ ಶಾಲೆಗೇ ಬಂದು ನನ್ನನ್ನು ಹೊರಗೆ ಕರೆದಳು.

“ಅಣ್ಣಾರ, ಆ ಚಿತ್ರ ಬೆವರತೈತ್ರಿ.”

ನಾನು ನಕ್ಕೆ. ಗೋಡೆ ಸೋರುತ್ತಿರಬೇಕು ಎಂದೆ. ಹೋಗಿ ನೋಡಿದರೆ ಗೋಡೆ ಒಣಗಿತ್ತು. ಆ ಬೂದು ನೆಲದ ಜಾಗ ಮಾತ್ರ ಒದ್ದೆಯಾಗಿ ಕಪ್ಪಾಗಿತ್ತು. ಮೋಡ ಸರಿದು ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಅದೇ ಜಾಗದಲ್ಲಿ ಬೆಳ್ಳಗೆ ಹುಡಿ ಎದ್ದಿತು. ಮಾಸ್ತರರು ಮೆತ್ತನೆಯ ಬಟ್ಟೆಯಿಂದ ಒರೆಸಿದರು. ಮತ್ತೆ ಮಳೆ, ಮತ್ತೆ ಬೆವರು, ಮತ್ತೆ ಬಿಳಿ. ಮರುವರ್ಷವೂ ಹಾಗೇ. “ಒರಸೂವಾಗ ಯಾರದೋ ಹಣಿ ಒರಸಿದಂಗ ಆಗತೈತ್ರಿ” ಎಂದು ಮಾಸ್ತರರು ಹೇಳಿದಾಗ ನನಗೆ ರೇಗಿತು. ಇವರಿಗೆಲ್ಲ ವಿಜ್ಞಾನ ಅಂದರೇನು ತೋರಿಸಿಯೇ ಬಿಡೋಣ ಎಂದು ಅವರ ಮನೆಗೆ ಹೋದೆ. ಸೋಮೇಶ್ವರ ಗುಡಿಯ ಹಿಂದಿನ ಓಣಿಯ ಬಾಡಿಗೆ ಮನೆ, ಜುಲೈ ತಿಂಗಳ ಮಧ್ಯಾಹ್ನ. ಆ ಬಿಳಿ ಹುಡಿಯನ್ನು ಬೆರಳಿಗೆ ಹಚ್ಚಿಕೊಂಡು ನಾಲಿಗೆಯ ಮೇಲಿಟ್ಟೆ.

“ಉಪ್ಪುರೀ ಮಾಸ್ತರ! ಬರೇ ಉಪ್ಪು. ಮಾವಿನಕಾಯಿ ತರ್ರಿ, ಹಚಗೊಂಡ ತಿನ್ನೂಣು.”

ಅವರು ನಗಲಿಲ್ಲ. ನಾನು ಪಾಠ ಶುರುಮಾಡಿದೆ. ಉಪ್ಪು ಗಾಳಿಯ ತೇವ ಹೀರುತ್ತದೆ, ಬಿಸಿಲಿಗೆ ಆರಿ ಬಿಳಿಯಾಗುತ್ತದೆ, ನೀವು ಮಣ್ಣು ಕಲಸಿದ ನೀರು ಚೆಲ್ಲುವುದಿಲ್ಲ, ಹೀಗಾಗಿ ಅದರ ಉಪ್ಪೆಲ್ಲ ಬಣ್ಣದಲ್ಲೇ ಉಳಿಯಿತು, ಅದು ಸವಳು ನೆಲದ ಮಣ್ಣಿರಬೇಕು ಎಂದೆಲ್ಲ ಹೇಳಿದೆ.

“ಆ ಹೊಲದಾಗ ಸವಳ ಇಲ್ರಿ. ಅದು ಮಳಿ ನೆಚ್ಚಿದ ಹೊಲ. ಅದೊಂದ ಜಾಗಾ ಅಷ್ಟ ಹಂಗಿತ್ತು” ಎಂದರು ಮಾಸ್ತರರು.

“ಹಂಗಾದ್ರ ಯಾರರ ಅಲ್ಲಿ ಉಪ್ಪ ಸುರುವಿರಬೇಕು. ಚೀಲಗಟ್ಟಲೆ ಸುರುವಿರಬೇಕು.”

ಮಾಸ್ತರರು ಒರೆಸುವ ಬಟ್ಟೆಯನ್ನು ಕೆಳಗೆ ಹಾಕಿ ‘ರಾಮವ್ವ’ ಎಂದು ಕೂಗಿದರು. ಒಳಗಿನಿಂದ ರಾಮವ್ವ ಓಡಿಬಂದಳು. ನನಗೆ ಮಾತ್ರ ಏನೂ ತಿಳಿಯಲಿಲ್ಲ. ನಮ್ಮವರಲ್ಲಿ ಗೋರಿಗೆ ಉಪ್ಪು ಹಾಕುವುದಿಲ್ಲ. ಆಮೇಲೆ ಅವರೇ ಹೇಳಿದರು: ಲಿಂಗವಂತರು ಸತ್ತವರನ್ನು ಸುಡುವುದಿಲ್ಲ, ಎಷ್ಟೋ ಮನೆತನಗಳವರು ತಮ್ಮ ಹೊಲದಲ್ಲೇ ಹೂಳುತ್ತಾರೆ. ಮಲಗಿಸುವುದಿಲ್ಲ, ಕೂರಿಸುತ್ತಾರೆ. ಸುತ್ತ ವಿಭೂತಿ ಮತ್ತು ಉಪ್ಪು ತುಂಬುತ್ತಾರೆ. ನನ್ನ ನಾಲಿಗೆಯ ಮೇಲೆ ಇನ್ನೂ ಆ ರುಚಿ ಇತ್ತು. ಹಿತ್ತಲಿಗೆ ಹೋಗಿ ಬಾಯಿ ತೊಳೆದೆ. ಹತ್ತು ಸಲ ತೊಳೆದೆ.

“ಲಾಡಸಾಬ್ರ, ಅವತ್ತ ಬರಿಯೂವಾಗ ಹಿಂದ ಯಾರೋ ಬಂದ ನಿಂತಂಗ ಆತ್ರಿ. ಶಾಲಿ ಹುಡುಗೂರು ಬಗ್ಗಿ ನೋಡ್ತಾವಲ್ಲ, ಹಂಗ. ‘ಹಿಂದ ಸರಿ, ಬೆಳಕ ಬೀಳಲಿ’ ಅಂದೆ. ಹೊಳ್ಳಿ ನೋಡಿದ್ರ ಯಾರೂ ಇರಲಿಲ್ಲ.”

ಇದನ್ನು ನಾನು ನಂಬುವುದಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ.

ಮುಂದಿನ ಭಾನುವಾರ ಇಬ್ಬರೂ ಹಿರೇವಡ್ಡಟ್ಟಿಗೆ ಹೋದೆವು. ಹೊಲದ ಮೂಲೆಯಲ್ಲಿ ಈಗ ಜಾಲಿಮುಳ್ಳಿನ ಬೇಲಿ, ಒಳಗೆ ಮಣ್ಣಿನ ದಿಬ್ಬ, ಅದರ ಮೇಲೆ ಒಂದು ಕಲ್ಲು, ಬಾಡಿದ ಹೂವು. ಪಕ್ಕದಲ್ಲಿ ಐವತ್ತರ ಹತ್ತಿರದ ಹೆಣ್ಣುಮಗಳೊಬ್ಬಳು ಕೂತಿದ್ದಳು. ಮಾಸ್ತರರನ್ನು ಕಂಡು ಎದ್ದು ಸೆರಗು ಸರಿಮಾಡಿಕೊಂಡಳು.

“ಡ್ರಾಯಿಂಗ್ ಸರ್ರ ಅಲ್ರಿ? ನಾ ಕಾಂಚನಾನ ಅವ್ವ. ಖಬರ ಮುಟ್ಟಿ ಬಂದ್ರೇನ್ರಿ? ಭಾಳ ತಡಾ ಮಾಡಿ ಬಂದ್ರಿ.”

ನೀಲಗಂಗವ್ವ ತಾನೇ ಹೇಳಿದಳು. ಕಾಂಚನಾಳಿಗೆ ಹತ್ತೊಂಬತ್ತು ತುಂಬಿತ್ತು. ಕಾಮಾಲೆ ಬಂತು. ನಾಟಿ ಔಷಧ ಎಂದು ಎಂಟು ದಿನ ಕಳೆದು, ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಅದು ೨೦೦೯ರ ಮಾತು. ನಾವು ಹೊರಡಬೇಕು ಎನ್ನುವಾಗ ಆಕೆ ಮುಳ್ಳಿನ ಬೇಲಿ ತೋರಿಸಿದಳು.

“ಹ್ವಾದ ವರ್ಷ ಬ್ಯಾಸಗ್ಯಾಗ ಯಾವನೋ ಬಂದ ನನ್ನ ಮಗಳ ಮಣ್ಣ ಬಗದ ಒಯ್ದಾನ್ರಿ ಸರ. ಎರಡು ಕೈ ಹಚ್ಚಿ ಬಗದಿದ್ದು ಹಂಗ ಕಾಣ್ತಿತ್ತು. ಮಾಟಾ ಮಾಡವ್ರು ಒಯ್ತಾರಂತ, ಲಗ್ನ ಆಗದ ಹುಡಿಗ್ಯಾರ ಮಣ್ಣ ಆದ್ರ ಬಿಡೂದ ಇಲ್ಲಂತ. ಯಾರ ಮನಿ ಹಾಳ ಮಾಡಾಕ ಆಕಿನ್ನ ದುಡಸಾಕತ್ತಾರೋ ಏನೋ. ನನಗ ಕಣ್ಣಿಗೆ ನಿದ್ದಿ ಇಲ್ರಿ. ಬಗದವನ ಕೈ ಸೇದಿ ಹೋಗ್ಲಿ!”

ಆ ಶಾಪವನ್ನು ಆಕೆ ಅಳುತ್ತ ಹೇಳಲಿಲ್ಲ, ದಿನಾ ಹೇಳಿ ರೂಢಿಯಾದವರ ಹಾಗೆ ಹೇಳಿದಳು. ನಾನು ಮಾಸ್ತರರ ಮುಖ ನೋಡಿದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಬಲಗೈಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, “ಬರ್ತೀವಿ ಅವ್ವಾರ” ಎಂದರು.

ಬಸ್ಸಿನಲ್ಲಿ ಆ ಕೈ ನಡುಗುತ್ತಿತ್ತು. ಅವತ್ತಿನಿಂದ ಅದು ನಡುಗುವುದು ನಿಂತಿಲ್ಲ. ನರದ ದೌರ್ಬಲ್ಯ ಎಂದು ಡಾಕ್ಟರರು ಗುಳಿಗೆ ಬರೆದುಕೊಟ್ಟರು. ನಾನೂ ಅದನ್ನೇ ನಂಬುತ್ತೇನೆ. ಆದರೆ ಮಾಸ್ತರರ ಗೆರೆ ಕೆಟ್ಟಿತು. ಕಪ್ಪು ಹಲಗೆಯ ಮೇಲೆ ಒಂದು ಮಡಕೆ ಬರೆಯಬೇಕಾದರೂ ಎಡಗೈಯಿಂದ ಬಲಗೈ ಹಿಡಿದುಕೊಳ್ಳುತ್ತಿದ್ದರು. ಹುಡುಗರು ಹಿಂದೆ ಕೂತು ನಗುತ್ತಿದ್ದರು. ಕೊನೆಯ ಬೆಂಚಿನಲ್ಲಿ ಯಾರೋ ಒಬ್ಬಳು ನಗದೆ ತಮ್ಮ ಕೈಯನ್ನೇ ನೋಡುತ್ತ ಕೂತಿರುತ್ತಾಳೆ ಎಂದು ಒಮ್ಮೆ ಹೇಳಿದರು. ಆ ಬೆಂಚು ಖಾಲಿ ಇರುತ್ತಿತ್ತು.

ಬಾಟಲಿಯಲ್ಲಿ ಉಳಿದ ಮಣ್ಣನ್ನು ಅವರು ಒಬ್ಬರೇ ಹೋಗಿ ತಿರುಗಿ ಹಾಕಿ ಬಂದರು. ನೀಲಗಂಗವ್ವ ಊಟಕ್ಕೆ ಹೋಗುವ ಹೊತ್ತು ನೋಡಿ, ಮುಳ್ಳಿನೊಳಗೆ ಕೈ ತೂರಿಸಿ ಹಾಕಿದ್ದರು. ಮೊಣಕೈವರೆಗೆ ತರಚಿಸಿಕೊಂಡು ಬಂದಿದ್ದರು. ನನಗೆ ಸಿಟ್ಟು ತಡೆಯಲಿಲ್ಲ.

“ಕಳ್ಳನಂಗ ಹಾಕಿ ಬರೂದಕಿಂತ ಖರೆ ಹೇಳಿ ಬರ್ರಿ. ಆ ತಾಯಿ ಮಾಟಾ ಅಂತ ತಿಳದಾಳ. ನೀವು ಹೇಳಿದ್ರ ನಿದ್ದಿಯರ ಮಾಡ್ತಾಳ.”

“ಹೇಳ್ತೀನಿ” ಎಂದರು. ಹತ್ತು ವರ್ಷ ಹೇಳುತ್ತೇನೆ ಎಂದರು. ಯಾಕೆ ಹೇಳಲಿಲ್ಲ ಎಂದು ಈಗಲೂ ಕೇಳಿದರೆ, “ಹೇಳಿದ್ರ ಚಿತ್ರ ಕೇಳ್ತಾಳಂತ ಅಂಜಿದ್ನಿರಿ” ಎನ್ನುತ್ತಾರೆ. ಅವರನ್ನು ಮಾತ್ರ ಬೈದು ನಾನು ಪಾರಾಗುವಂತಿಲ್ಲ. ನನ್ನ ಬಾಯಿಗೇನು ಬೀಗ ಬಿದ್ದಿತ್ತೇ? ಆಕೆ ಇದ್ದದ್ದು ಎರಡು ಬಸ್ಸಿನ ದಾರಿ. ನಾನೂ ಹೋಗಲಿಲ್ಲ. ನನಗೂ ಆ ಚಿತ್ರದ ಆಸೆ ಇತ್ತು.

ಆಮೇಲೆ ವರ್ಗವಾಗಿ ಹೋದ ಶಿರಹಟ್ಟಿಯ ಶಾಲೆಯಿಂದ ೨೦೧೮ರಲ್ಲಿ ಮಾಸ್ತರರು ನಿವೃತ್ತರಾದರು. ಬೆಟಗೇರಿಯಲ್ಲಿ ಸಣ್ಣ ಮನೆ ಮಾಡಿ ಭಾನುವಾರ ಓಣಿಯ ಮಕ್ಕಳಿಗೆ ಚಿತ್ರ ಕಲಿಸತೊಡಗಿದರು. ರಾಮವ್ವ ಆ ಚಿತ್ರವನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದಳು. ಮಳೆಗಾಲದಲ್ಲಿ ಮಾಸ್ತರರೇ ಅದನ್ನು ತಿರುಗಿಸಿ, ಒರೆಸಿ, ಮತ್ತೆ ಗೋಡೆಗೆ ಮುಖ ಮಾಡಿಸುತ್ತಿದ್ದರು. ಧಾರವಾಡದಿಂದ ಬಂದ ಚಿತ್ರಕಲೆಯ ಪ್ರಾಧ್ಯಾಪಕರೊಬ್ಬರು ಅದನ್ನು ಅರ್ಧ ತಾಸು ನೋಡಿ, ಇದು ಮನೆಯಲ್ಲಿ ಇರತಕ್ಕದ್ದಲ್ಲ, ದೊಡ್ಡ ಸಂಗ್ರಹಾಲಯದಲ್ಲಿ ಇರಬೇಕಾದದ್ದು, ನಾನೇ ಕೊಡಿಸುತ್ತೇನೆ ಎಂದು ಹೇಳಿ ಹೋಗಿದ್ದರು. ಅವರ ಪತ್ರವೂ ಬಂದಿತ್ತು. ಅದನ್ನು ಓದಿದ ದಿನ ಮಾಸ್ತರರು ಎರಡು ಸಲ ಚಹಾ ಕುಡಿಸಿದರು.

ಅದಾಗಿ ತಿಂಗಳೂ ಕಳೆದಿರಲಿಲ್ಲ. ೨೦೨೩ರ ಮಾರ್ಚಿನ ಒಂದು ಭಾನುವಾರ ನಾನು ಅಲ್ಲೇ ಇದ್ದೆ. ಮಕ್ಕಳು ಪಾಠ ಮುಗಿಸಿ ಹೋಗಿದ್ದರು. ಬಾಗಿಲಲ್ಲಿ ನೀಲಗಂಗವ್ವ ಬಂದು ನಿಂತಳು. ಕೂದಲೆಲ್ಲ ಬೆಳ್ಳಗಾಗಿತ್ತು. ಕೇಳುತ್ತ ಕೇಳುತ್ತ ಬಂದಿದ್ದಳು.

“ಸರ್ರ, ನಮ್ಮ ಕಾಂಚನಾ ಶಾಲ್ಯಾಗ ಬರದ ಚಿತ್ರ ಒಂದರ ನಿಮ್ಮ ಹಂತ್ಯಾಕ ಐತೇನ್ರಿ? ಒಂದರ ಕೊಡ್ರಿ. ಆಕಿ ಇದ್ದ ಜಾಗಾನೂ ಹೋತ್ರಿ.”

ಕೂರಿಸಿ ನೀರು ಕೊಟ್ಟ ಮೇಲೆ ಹೇಳಿದಳು. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವವರು ಬಂದಿದ್ದರು. ಅದರ ರೆಕ್ಕೆ ಹೊತ್ತ ಲಾರಿ ಒಂದು ಓಣಿಯಷ್ಟು ಉದ್ದ. ದಾರಿಯ ತಿರುವಿನಲ್ಲಿ ಅದು ಹೊರಳಲು ಇವರ ಹೊಲದ ಮೂಲೆ ಬೇಕಾಯಿತು. ಮೂರು ತಿಂಗಳ ಮಾತು ಎಂದು ಮುದಕಪ್ಪನವರು ಸಹಿ ಮಾಡಿದರು. ದಿಬ್ಬವನ್ನು ಬಿಟ್ಟು ಹೋಗಿರೆಂದು ಕೈಮುಗಿದು ಹೇಳಿಯೂ ಇದ್ದರು. ಅವರು ಸಂತೆಗೆ ಹೋದ ದಿನ ಜೆಸಿಬಿ ಬಂದು ಮೂಲೆಯನ್ನೆಲ್ಲ ಎರಡಾಳು ಆಳಕ್ಕೆ ಕೆದರಿ, ಮಣ್ಣನ್ನು ಎಲ್ಲಿಗೋ ಸಾಗಿಸಿ, ರಸ್ತೆಗೆ ಹಾಕುವ ಗರಸು ಸುರಿದು ಹೋಯಿತು. ಕೇಳಿದರೆ ಡ್ರೈವರನಿಗೆ ಗೊತ್ತಿರಲಿಲ್ಲ, ಅವನಿಗೆ ಹೇಳಿದವನು ಊರಲ್ಲಿರಲಿಲ್ಲ. ಮಣ್ಣು ಎಲ್ಲಿ ಸುರಿದಿರಿ ಎಂದರೆ ಅದೂ ಗೊತ್ತಿಲ್ಲ. ಅವತ್ತಿನಿಂದ ಮುದಕಪ್ಪನವರು ಮಗಳ ಹೆಸರನ್ನು ಬಾಯಲ್ಲಿ ತಂದಿಲ್ಲ.

ಕಾಂಚನಾಳ ಒಂದು ಚಿತ್ರವೂ ಮಾಸ್ತರರ ಹತ್ತಿರ ಇರಲಿಲ್ಲ. ಯಾವ ಮಾಸ್ತರ ಇಟ್ಟುಕೊಳ್ಳುತ್ತಾನೆ? ಅವರು ಎದ್ದು ಒಳಗೆ ಹೋದರು. ಗೋಡೆಗೆ ಮುಖ ಮಾಡಿದ್ದ ಆ ಚಿತ್ರವನ್ನು ತಂದು ಆಕೆಯ ಮುಂದೆ ನಿಲ್ಲಿಸಿದರು.

“ಅವ್ವಾರ, ಆ ಮಣ್ಣ ಬಗದಾಂವ ನಾನ.”

ಆಕೆಗೆ ಅರ್ಥವಾಗಲಿಲ್ಲ. ಮಾಸ್ತರರು ಎಲ್ಲವನ್ನೂ ಹೇಳಿದರು, ತಿಪ್ಪೆ ಎಂದು ತಿಳಿದದ್ದು, ಉಪ್ಪು, ಮುಳ್ಳಿನ ಬೇಲಿ, ಹತ್ತು ವರ್ಷ. ಯಾವುದನ್ನೂ ಮುಚ್ಚಿಡಲಿಲ್ಲ, ಎಲ್ಲೂ ತಮ್ಮ ಪರವಾಗಿ ಮಾತಾಡಲಿಲ್ಲ. ನೀಲಗಂಗವ್ವ ಕೇಳಿದ್ದು ಒಂದೇ.

“ಮಾಟಕ್ಕಲ್ಲ?”

“ಚಿತ್ರಕ್ಕ.”

ಆಗ ಆಕೆ ಅತ್ತಳು. ಅಳುತ್ತಲೇ ಬೈದಳು. “ಹತ್ತ ವರ್ಷರೀ ಸರ! ಹತ್ತ ವರ್ಷ ಮುಳ್ಳ ಹಚ್ಚಿ ಕಾದೀನಿ. ಊರಾಗ ಯಾರರ ಜಡ್ಡ ಬಿದ್ರ ನನ್ನ ಮಗಳನ್ನ ಹಚ್ಚ್ಯಾರೇನೋ ಅಂತ ಅವರ ಮನಿ ಮುಂದ ಹಾಯಲಿಲ್ಲ ನಾನು. ನೀವು ಇಲ್ಲಿ ಮನ್ಯಾಗ ಇಟಗೊಂಡ ಕುಂತಿದ್ರಿ!”

ಮಾಸ್ತರರು ನಡುಗುವ ಕೈಯನ್ನು ಮುಂದೆ ಚಾಚಿ ಕೂತಿದ್ದರು. ಆಕೆ ಅದನ್ನು ನೋಡಿದಳು. ಶಾಪ ಹಿಂದಕ್ಕೆ ತಗೊಂಡೆ ಎಂದೇನೂ ಹೇಳಲಿಲ್ಲ. ಕಣ್ಣೊರೆಸಿಕೊಂಡು ಚಿತ್ರದ ಹತ್ತಿರ ಸರಿದಳು. ಎಲ್ಲಿ ಎಂದು ಕೇಳಿದಳು. ಮಾಸ್ತರರು ತೋರಿಸಿದ ಬೂದು ನೆಲದ ಮೇಲೆ ಅಂಗೈಯಿಟ್ಟು ಹಾಗೇ ಕೂತಳು.

“ಎಷ್ಟ ತಗೊಂಡಿದ್ರಿ?”

“ಎರಡ ಬೊಗಸಿ. ಉಳದದ್ದನ್ನ ತಿರಗಿ ಅಲ್ಲೇ ಹಾಕಿ ಬಂದ್ನಿ.”

“ಯಾಕ ಹಾಕಿದ್ರಿ? ಇಟಗೊಂಡಿದ್ರ ಅಷ್ಟರ ಉಳೀತಿತ್ತಲ್ರಿ.”

ಮಾಸ್ತರರು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಎಂದು ನಾನು ಅಲ್ಲಿಯತನಕ ತಿಳಿದದ್ದು ಅದನ್ನೇ.

ಆಕೆ ಮಗಳ ಮಣ್ಣು ಕೊಡಿ ಎಂದಳು. ಅಂಟು ಬೆರೆತ ಮಣ್ಣು ಬಟ್ಟೆಯಿಂದ ಬಿಡುವುದಿಲ್ಲ ಎಂದು ಮಾಸ್ತರರು ಹೇಳಿದರು. ಆಗ ನಾನು ಬಾಯಿ ಹಾಕಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಆ ಬೂದು ಜಾಗವನ್ನಷ್ಟೇ ಕೆರೆದು ಒಂದು ಡಬ್ಬಿಗೆ ಹಾಕಿ ಕೊಟ್ಟರೆ ಚಿತ್ರ ಉಳಿಯುತ್ತದೆ, ಆಮೇಲೆ ತಿದ್ದಿಕೊಳ್ಳಬಹುದು, ಧಾರವಾಡದವರಿಗೆ ಏನು ಹೇಳುತ್ತೀರಿ ಎಂದೆ.

“ಮಗಳನ್ನ ಕೆರದ ಕೊಡಲೇನ್ರಿ ಲಾಡಸಾಬ್ರ?” ಎಂದರು ಮಾಸ್ತರರು. ಅಷ್ಟು ಗಟ್ಟಿ ದನಿಯಲ್ಲಿ ಅವರು ನನ್ನೊಡನೆ ಹಿಂದೆಂದೂ ಮಾತಾಡಿರಲಿಲ್ಲ. ಆಮೇಲೆ ಚಿತ್ರವನ್ನು ಒಮ್ಮೆ ನೋಡಿದರು. ಕೂತಲ್ಲಿಂದಲೇ, ದೂರದಿಂದಲೇ ನೋಡಿದರು. “ರಾಮವ್ವ, ಒಂದ ಒಗದ ಸೀರಿ ತಗೊಂಡ ಬಾ” ಎಂದರು.

ನೀಲಗಂಗವ್ವ ಗಂಡನಿಗೆ ಹೇಳಲು ಅವತ್ತು ಸಂಜೆಯೇ ಊರಿಗೆ ಹೋಗಿದ್ದಳು. ಮರುದಿನ ಸೋಮವಾರ. ಸೀರೆಯಲ್ಲಿ ಸುತ್ತಿದ ಚಿತ್ರವನ್ನು ಬಸ್ಸಿನಲ್ಲಿ ಮಾಸ್ತರರು ತೊಡೆಯ ಮೇಲೆ ಹಿಡಿದುಕೊಂಡಿದ್ದರು. ನಾನು ಹಿಡಿಯುತ್ತೇನೆ ಎಂದರೂ ಕೊಡಲಿಲ್ಲ. ಹಿರೇವಡ್ಡಟ್ಟಿಗೆ ಮುಟ್ಟಿದಾಗ ಬಿಸಿಲೇರಿತ್ತು. ಗುಡ್ಡದ ಮೇಲೆ ಬಿಳಿ ಗಾಳಿಯಂತ್ರಗಳು ನಿಂತಿದ್ದವು, ಕೆಲವು ತಿರುಗುತ್ತಿದ್ದವು. ಮೂಲೆಯ ಗರಸಿನ ಮೇಲೆ ಲಾರಿಯ ಗಾಲಿಯ ಗುರುತಿತ್ತು. ಮುದಕಪ್ಪನವರು ಹೊಲದ ಮೇಲುಭಾಗದಲ್ಲಿ, ಯಾವ ದಾರಿಯೂ ಹಾಯದ ಕಡೆ, ತಾವೇ ಒಂದು ಕುಣಿ ತೋಡಿ ಅದರ ದಡದಲ್ಲಿ ಕೂತಿದ್ದರು. ನಮ್ಮನ್ನು ಬರ್ರಿ ಎಂದೂ ಅನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ಊರಿನವರನ್ನು ಯಾರನ್ನೂ ಕರೆದಿರಲಿಲ್ಲ. ವಿಭೂತಿ, ಪತ್ರಿ, ಒಂದು ಸಣ್ಣ ಗಂಟು ಉಪ್ಪು ಪಕ್ಕದಲ್ಲಿತ್ತು.

ನೀಲಗಂಗವ್ವ ಸೀರೆ ಬಿಚ್ಚಿದಳು. ಬಯಲ ಬೆಳಕಿನಲ್ಲಿ ನಾನು ಆ ಚಿತ್ರವನ್ನು ನೋಡಿದ್ದು ಅದೇ ಮೊದಲು. ಒಂದು ಫೋಟೋ ತೆಗೆದುಕೊಳ್ಳಲೇ ಎಂದು ಕೈ ಜೇಬಿಗೆ ಹೋಯಿತು. ಮಾಸ್ತರರು ಬೇಡವೆಂದು ತಲೆಯಾಡಿಸಿದರು. ಈಗ ಎಷ್ಟು ನೆನೆಸಿಕೊಂಡರೂ ಆ ಗುಡ್ಡದ ಗೆರೆ ನನ್ನ ಕಣ್ಣಿಗೆ ಪೂರಾ ಬರುವುದಿಲ್ಲ, ಆ ಬೂದು ನೆಲ ಮಾತ್ರ ಬರುತ್ತದೆ.

ಮುದಕಪ್ಪನವರು ಕುಣಿಗೆ ಇಳಿದರು. ಮಾಸ್ತರರು ದಡದಲ್ಲಿ ಮೊಣಕಾಲೂರಿ, ಎರಡೂ ಕೈಯಿಂದ ಚಿತ್ರವನ್ನು ಅವರ ಕೈಗೆ ಕೊಟ್ಟರು. ಕೊಟ್ಟ ಮೇಲೂ ಒಂದು ಗಳಿಗೆ ಅಂಚು ಹಿಡಿದೇ ಇದ್ದರು. ಮುದಕಪ್ಪನವರು ಎಳೆಯಲಿಲ್ಲ, ಅವರು ಬಿಡುವತನಕ ಕಾದರು. ಆಮೇಲೆ ಹಲಗೆಯನ್ನು, ಹಲಗೆ ಇಡುವ ಹಾಗೆ, ಕುಣಿಯ ತಳದಲ್ಲಿ ಅಂಗಾತ ಇಟ್ಟರು.

“ಮಲಗಸಬ್ಯಾಡ್ರಿ” ಎಂದಳು ನೀಲಗಂಗವ್ವ ದಡದಿಂದ. “ಕುಂಡ್ರಸ್ರಿ.”

ಮುದಕಪ್ಪನವರು ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಬಗ್ಗಿ ಚಿತ್ರವನ್ನು ಎತ್ತಿ, ಕುಣಿಯ ಗೋಡೆಗೆ ಆನಿಸಿ, ನೆಟ್ಟಗೆ ನಿಲ್ಲಿಸಿದರು. ಅದು ಒಂದು ಕಡೆ ವಾಲಿತು. ಎರಡೂ ಮಗ್ಗುಲಿಗೆ ಹಿಡಿ ಹಿಡಿ ಮಣ್ಣು ಒತ್ತಿ ಗಟ್ಟಿ ಮಾಡುತ್ತ, ಮೇಲೆ ಬಿದ್ದ ಧೂಳನ್ನು ಧೋತರದ ಚುಂಗಿನಿಂದ ಒರೆಸುತ್ತ, ತಮ್ಮಷ್ಟಕ್ಕೇ ಎಂಬಂತೆ, “ಹಿಂಗ ಕುಂಡ್ರವಾ ಕಾಂಚನಾ, ಹಿಂಗ ಕುಂಡ್ರು” ಎಂದರು.